ಬ್ರೆಡ್ಡಿನ ಕೂಸಿಗೆ ಹಚ್ಚಿದ ಮುಖ

ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಹಿಲಾರಿಯಾಳ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಲಗೆಗಳ ಮೇಲೆ, ಒಲೆಕಟ್ಟೆಯ ಮೇಲೆ, ಕವುಚಿ ಹಾಕಿದ ಬೋಗುಣಿಗಳ ಮೇಲೆ, ಎಲ್ಲೆಂದರಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಬಿಳಿ ಮುಖಗಳು ಆಕಾಶ ನೋಡುತ್ತ ಒಣಗುತ್ತಿದ್ದವು. ಪ್ಲಾಸ್ಟರನ್ನು ಮಣ್ಣಿನ ಅಚ್ಚಿಗೆ ಒತ್ತಿ ತೆಗೆದ ಮುಖಗಳು. ಒಣಗಿದ ಮೇಲೆ ಅವಳು ಬಾಗಿಲಲ್ಲಿ ಕೂತು ಕೆನ್ನೆಗೆ ಕೆಂಪು, ತುಟಿಗೆ ಇನ್ನಷ್ಟು ಕೆಂಪು ಹಚ್ಚಿ, ತನ್ನದೇ ಕೂದಲಿನ ಕುಂಚದಿಂದ ಹುಬ್ಬು ಎಳೆಯುತ್ತಿದ್ದಳು.

ನವೆಂಬರ್ ಒಂದರ ಮಧ್ಯಾಹ್ನ ಸತ್ತವರು ಮನೆಗೆ ಬರುತ್ತಾರೆ, ಮಾರನೆಯ ಮಧ್ಯಾಹ್ನ ಹೊರಡುತ್ತಾರೆ. ಓರೂರೊ ಪಟ್ಟಣದ ಗಣಿಗುಡ್ಡದ ಕೇರಿಯಲ್ಲಿ ಅವರಿಗಾಗಿ ಎಡೆ ಮೇಜು ಹಾಕದ ಮನೆಯಿಲ್ಲ. ಮೇಜಿನ ಮೇಲೆ ಕಬ್ಬಿನ ಕಮಾನು, ಇಳಿದು ಬರಲು ಬ್ರೆಡ್ಡಿನ ಏಣಿ, ದಾರಿಯಲ್ಲಿ ಬಾಯಾರಿದರೆ ನೀರು ತುಂಬಿಕೊಳ್ಳಲು ಟೊಳ್ಳು ಈರುಳ್ಳಿ ದಂಟು, ನಡುವೆ ಬಟ್ಟೆಯಲ್ಲಿ ಸುತ್ತಿದ ಕೂಸಿನ ಹಾಗೆ ಒಂದು ಬ್ರೆಡ್ಡು. ಆ ಕೂಸಿಗೆ ಮುಖ ಬೇಕು. ಮುಖವೇ ಇಲ್ಲದಿದ್ದರೆ ಬಂದವರಿಗೆ ತಮ್ಮ ಪಾಲು ಯಾವುದೆಂದು ತಿಳಿಯುವುದಾದರೂ ಹೇಗೆ?

"ದೋನ್ಯಾ ಹಿಲಾರಿಯಾ, ನಮ್ಮಪ್ಪನಿಗೆ ಒಂದು ಮೀಸೆ ಮುಖ ಕೊಡಿ" ಎಂದು ಯಾರಾದರೂ ಕೇಳುತ್ತಿದ್ದರು.

"ನಿಮ್ಮಪ್ಪನಿಗೆಲ್ಲಿತ್ತೋ ಮೀಸೆ? ನಾನೇನು ನೋಡಿಲ್ವಾ ಅವನನ್ನ? ನಿಮ್ಮನೆ ಬೆಕ್ಕಿಗಿತ್ತು, ಅವನಿಗಿರಲಿಲ್ಲ."

"ಮೀಸೆ ಬರಲಿಲ್ಲ ಅಂತ ಸಾಯೋತನಕ ಕೊರಗಿದ್ರು. ಈಗಲಾದ್ರೂ ಇರ್ಲಿ ಬಿಡಿ."

ಹಿಲಾರಿಯಾ ನಕ್ಕು, ಇದ್ದುದರಲ್ಲಿ ದೊಡ್ಡ ಮೀಸೆಯದನ್ನೇ ಆರಿಸಿ ಕೊಡುತ್ತಿದ್ದಳು. ಅಚ್ಚುಗಳೆಲ್ಲ ಅವಳ ತಾಯಿಯ ಕಾಲದವು. ಗಂಡಸರ ಮುಖ, ಮುದುಕಿಯರ ಮುಖ, ಮಕ್ಕಳ ಮುಖ. ಒಂದನ್ನು ಮಾತ್ರ ಅವಳೇ ಕೆತ್ತಿದ್ದಳು. ಅದು ಅವಳ ಮಗಳದು.

ಹುಡುಗಿಯ ಹೆಸರು ಎದೆಲ್ಮಿರಾ. ಮನೆಯಲ್ಲಿ ಮಿರಿ. ಲಾರಿ ಓಡಿಸುತ್ತಿದ್ದ ಅಪ್ಪ ಗಡಿ ದಾಟಿ ಚಿಲಿಗೆ ಹೋದವನು ತಿರುಗಿ ಬರಲಿಲ್ಲ. ಮಗು ಬೆಳೆದದ್ದು ಸೋದರಮಾವ ಗುಮೆರ್ಸಿಂದೊನ ಒಲೆಮನೆಯಲ್ಲಿ. ಅವನು ಕೇರಿಯ ಬ್ರೆಡ್ಡಿನವನು. ಒಲೆಯ ಬಾಯಿಯ ಬಳಿ ಹಿಟ್ಟಿನ ಮೂಟೆಗಳ ಮೇಲೆ ಆಡಿಕೊಂಡಿದ್ದು, ಸಂಜೆ ಹಿಟ್ಟುಹಿಟ್ಟಾಗಿ ಮನೆಗೆ ಬರುತ್ತಿದ್ದ ಮಿರಿ ಮೂರು ತುಂಬುವ ಮೊದಲು, ಚಳಿಗಾಲದ ಒಂದು ಕೆಮ್ಮಿನಲ್ಲಿ ಹೋಗಿಬಿಟ್ಟಳು. ಫೋಟೊ ಕೂಡ ತೆಗೆಸಿರಲಿಲ್ಲ. ಫೋಟೊದವನ ಹತ್ತಿರ ಹಬ್ಬಕ್ಕೆ ಕರೆದುಕೊಂಡು ಹೋದರಾಯಿತು ಎಂದುಕೊಂಡಿದ್ದರು.

ಮಣ್ಣು ಮಾಡಿ ಬಂದ ವಾರದೊಳಗೆ ಹಿಲಾರಿಯಾ ಜೇಡಿಮಣ್ಣು ಹಿಡಿದು ಕೂತಳು. ಕೆತ್ತಿದಳು, ಅಳಿಸಿದಳು, ಮತ್ತೆ ಕೆತ್ತಿದಳು. ಕೊನೆಗೆ ಬಂತು: ಏನೋ ಕೇಳಲು ಹೊರಟಂತೆ ಸ್ವಲ್ಪ ತೆರೆದ ಬಾಯಿ, ಒಂದೇ ಕೆನ್ನೆಯಲ್ಲಿ ಗುಳಿ. ಗುಮೆರ್ಸಿಂದೊ ನೋಡಿದವನೇ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಅಲ್ಲಿಂದ ಮುಂದೆ ಪ್ರತಿ ವರ್ಷ ಆ ಅಚ್ಚಿನಿಂದ ಒಂದೇ ಒಂದು ಮುಖ. ಒತ್ತಿ ತೆಗೆದೊಡನೆ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಎಡೆಯ ಬ್ರೆಡ್ಡೆಲ್ಲ ಪ್ರಾರ್ಥನೆ ಹೇಳಿದವರಿಗೆ ಸೇರುವುದು ರೂಢಿ; ಆ ಮುಖವೂ ಅವರ ಜೊತೆ ಹೋಗುತ್ತಿತ್ತು. ಹಬ್ಬದ ಬ್ರೆಡ್ಡು ಸುಡಲು ಊರೆಲ್ಲ ಹಿಟ್ಟು ಹೊತ್ತು ಒಲೆಮನೆಗೆ ಬಂದು ಸಾಲು ನಿಂತಿದ್ದರೂ ಗುಮೆರ್ಸಿಂದೊ ಮೊದಲು ಒಲೆಗೆ ಹಾಕುತ್ತಿದ್ದುದು ಮಿರಿಯ ಕೂಸನ್ನು.

"ನಮ್ಮ ಹುಡುಗಿ ಮೊದಲು. ಕಾಯೋಕಾಗದವರು ನಿಮ್ಮ ನಿಮ್ಮ ಬಗಲಲ್ಲಿ ಸುಟ್ಕೊಳ್ಳಿ" ಎನ್ನುತ್ತಿದ್ದ. ಯಾರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ.

ಆಮೇಲಾಮೇಲೆ ಜನ ಪೇಟೆಯಲ್ಲಿ ಸಿದ್ಧ ಬ್ರೆಡ್ಡು ಕೊಳ್ಳತೊಡಗಿದರು. ಒಲೆಮನೆಯ ಸಾಲು ಗಿಡ್ಡವಾಯಿತು. ಅಂಥ ಒಂದು ವರ್ಷ ದೋನ್ ಅದ್ರಿಯಾನ್ ಎಂಬ ವ್ಯಾಪಾರಿ ಗುಮೆರ್ಸಿಂದೊನ ಪರಿಚಯ ಮಾಡಿಕೊಂಡ. ಪ್ಲಾಸ್ಟಿಕ್ಕಿನಲ್ಲಿ ಮುಖ ಮಾಡಿಸಿ ದೇಶವೆಲ್ಲ ಹಂಚುವ ಯೋಚನೆ ಅವನದು. ಅವನಿಗೆ ಬೇಕಾಗಿದ್ದದ್ದು ಒಂದು ಒಳ್ಳೆಯ ಮಾದರಿ. ತಾಯಿಯ ಕಾಲದ ಅಚ್ಚುಗಳು ಸವೆದು ಮೂಗು ಕಣ್ಣು ಒಂದಾಗಿದ್ದವು. ಸವೆಯದ ಅಚ್ಚು ಇದ್ದದ್ದು ಒಂದೇ. ತಂಗಿ ಬಟ್ಟೆ ಒಗೆಯಲು ಹೋಗಿದ್ದಾಗ ಗುಮೆರ್ಸಿಂದೊ ಪೆಟ್ಟಿಗೆ ತೆಗೆದ. ಒಂದು ವಾರ ಬಿಟ್ಟು, ಅಚ್ಚನ್ನು ಮೊದಲಿನ ಹಾಗೇ ಬಟ್ಟೆ ಸುತ್ತಿ ಅಲ್ಲೇ ಇಟ್ಟ. ಅವಳಿಗೆ ಸುಳಿವೂ ಸಿಗಲಿಲ್ಲ.

ಗೊತ್ತಾದದ್ದು ಮುಂದಿನ ಅಕ್ಟೋಬರಿನಲ್ಲಿ, ಸಂತೆಯಲ್ಲಿ. ಬಣ್ಣದ ಪುಡಿ ಕೊಳ್ಳಲು ಹೋದವಳು ಒಂದು ಅಂಗಡಿಯ ಮುಂದೆ ನಿಂತುಬಿಟ್ಟಳು. ಗೋಣಿತಟ್ಟಿನ ಮೇಲೆ ಮಿರಿ ರಾಶಿ ಬಿದ್ದಿದ್ದಳು. ಒಂದರ ಮೇಲೊಂದು, ತಲೆಕೆಳಗಾಗಿ, ಅಡ್ಡಡ್ಡವಾಗಿ, ಎಲ್ಲದರ ಬಾಯಿಯೂ ಸ್ವಲ್ಪ ತೆರೆದು. ಕೆಲವಕ್ಕೆ ಬಣ್ಣ ಜಾರಿ ತುಟಿ ಗಲ್ಲದ ಮೇಲಿತ್ತು. ಅಂಗಡಿಯವಳು ಅಕ್ಕಿ ಮೊಗೆಯುವ ಹಾಗೆ ಬೊಗಸೆಯಲ್ಲಿ ಮೊಗೆದು ಗಿರಾಕಿಯ ಚೀಲಕ್ಕೆ ಸುರಿಯುತ್ತಿದ್ದಳು.

"ತಗೊಳ್ಳಿ ತಾಯಿ, ಈ ಸಲ ಎಲ್ಲರೂ ಇದನ್ನೇ ಕೇಳ್ತಿದಾರೆ. ನೋಡಿ, ಈಗ ಮಾತಾಡುತ್ತೆ ಅನ್ನೋ ಹಾಗಿಲ್ವಾ? ಬಿದ್ದರೂ ಒಡೆಯಲ್ಲ."

ಹಿಲಾರಿಯಾ ಒಂದನ್ನು ಎತ್ತಿ ಕೆನ್ನೆಯ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಪೆಟ್ಟಿಗೆ ಇದ್ದದ್ದು ತನ್ನ ಮನೆಯಲ್ಲಿ, ಅದರ ಗುಟ್ಟು ಗೊತ್ತಿದ್ದದ್ದು ಒಬ್ಬನಿಗೇ. ಬಣ್ಣದ ಪುಡಿಯನ್ನು ಮರೆತು ನೇರ ಒಲೆಮನೆಗೆ ನಡೆದಳು. ಅಲ್ಲಿ ಹಿಟ್ಟು ನಾದುತ್ತಿದ್ದ ನಾಲ್ಕಾರು ಹೆಂಗಸರಿದ್ದರು, ಗುಮೆರ್ಸಿಂದೊನ ಹೆಂಡತಿ ಬಸೀಲಿಯಾ ಇದ್ದಳು. ಹಿಲಾರಿಯಾ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ನನ್ನ ಮಗಳನ್ನ ಮಾರಿದ್ಯಲ್ಲೋ!"

ಗುಮೆರ್ಸಿಂದೊ ಕೈಯ ಹಿಟ್ಟು ಒರೆಸಿಕೊಂಡ. "ಕೂಗಬೇಡ ಹಿಲಾರಿಯಾ. ಕೂತ್ಕೋ, ಹೇಳ್ತೀನಿ."

"ಕೂತ್ಕೊಂಡು ಏನು ಕೇಳ್ಲಿ? ಮೊದಲ ಕೂಸು ನಮ್ಮ ಹುಡುಗೀದು, ನಮ್ಮ ಹುಡುಗೀದು ಅಂತ ಊರಿಗೆಲ್ಲ ಸಾರ್ತಿದ್ದೆ. ಈಗ ಯಾವ ಮುಖ ಇಟ್ಕೊಂಡು ಒಲೆ ಮುಂದೆ ನಿಂತಿದೀಯ?"

"ಅದರಿಂದ ಏನು ಕಳ್ಕೊಂಡೆ ನೀನು? ಅಚ್ಚು ನಿನ್ನ ಹತ್ರಾನೇ ಇದೆ. ಪೆಟ್ಟಿಗೇಲಿ ಕೊಳೀತಾ ಇತ್ತು ಆ ಮುಖ. ಈಗ ಮನೆಮನೇಲೂ ಇರುತ್ತೆ. ಎಲ್ಲರೂ ಅವಳ ಮುಂದೆ ಮೊಣಕಾಲೂರಿ ಪ್ರಾರ್ಥನೆ ಮಾಡ್ತಾರೆ. ಅದೇನು ಕೆಟ್ಟದ್ದಾ?"

"ಅವಳ ಮುಂದಲ್ಲ ಕಣೋ. ಅವರವರ ಸತ್ತವರ ಮುಂದೆ. ಅವಳ ಮುಖ ಕಿತ್ತು ಕಂಡಕಂಡವರಿಗೆ ಹಚ್ಚಿದ್ಯಲ್ಲೋ ನೀನು."

ಹಿಟ್ಟು ನಾದುತ್ತಿದ್ದವರ ಕೈ ನಿಂತಿತ್ತು. ಬಸೀಲಿಯಾ ನಡುವೆ ಬಂದು, "ಎಲ್ಲರಿಗೂ ಮಕ್ಕಳು ಸಾಯ್ತಾವೆ ನಾದಿನಿ, ನಿನಗೊಬ್ಬಳಿಗೇ ಅಲ್ಲ" ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳೂ ಇಬ್ಬರನ್ನು ಮಣ್ಣು ಮಾಡಿದ್ದಳು. ಹಿಲಾರಿಯಾ ಅವಳ ಕಡೆ ತಿರುಗಿಯೂ ನೋಡದೆ ಹೊರಬಿದ್ದಳು.

ದೋನ್ ಅದ್ರಿಯಾನನ ಉಗ್ರಾಣ ರೈಲು ನಿಲ್ದಾಣದ ಹಿಂದಿತ್ತು. ಅಚ್ಚನ್ನು ಶಾಲಿನಲ್ಲಿ ಕಟ್ಟಿಕೊಂಡು ಹೋಗಿ, ಬಿಚ್ಚಿ ಅವನ ಮುಂದೆ ಇಟ್ಟಳು. ಆತ ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ಚಹಾ ತರಿಸಿದ, ಸಮಾಧಾನವಾಗಿ ಕೇಳಿಸಿಕೊಂಡ.

"ನಿಮ್ಮ ಅಣ್ಣ ಈ ಅಚ್ಚು ತಮ್ಮಮ್ಮನ ಕಾಲದ್ದು ಅಂತ ಹೇಳಿದ್ರು. ನಾನು ಕೇಳಿಯೇ ತಗೊಂಡೆ ತಾಯಿ" ಎಂದ. "ಈಗ ನಾನು ನಿಲ್ಲಿಸಿದ್ರೂ ಬೇರೆಯವರು ನೋಡಿ ಮಾಡ್ತಾರೆ. ಮುಖಕ್ಕೆಲ್ಲಾ ಯಜಮಾನರು ಅಂತ ಇರ್ತಾರಾ?"

"ಹೆತ್ತವಳು ಇರ್ತಾಳೆ."

ಅವನು ತಲೆ ತಗ್ಗಿಸಿ ಚಹಾ ಕಲಕಿದ. ಹಿಲಾರಿಯಾ ಅಚ್ಚನ್ನು ಎತ್ತಿ ಉಗ್ರಾಣದ ಸಿಮೆಂಟು ನೆಲಕ್ಕೆ ಅಪ್ಪಳಿಸಿದಳು. ಎತ್ತಿಕೊಳ್ಳಲು ಒಂದು ಚೂರೂ ಉಳಿಯದ ಹಾಗೆ ಒಡೆಯಿತು. ಆ ಕ್ಷಣಕ್ಕೆ ಅವಳಿಗೆ ತುಂಬ ಹಿತವೆನಿಸಿತು.

ಆ ವರ್ಷ ಮಿರಿಯ ಕೂಸಿಗೆ ಮುಖವಿರಲಿಲ್ಲ. ಬೇರೆ ಕೇರಿಯ ಒಲೆಯಲ್ಲಿ ಸುಡಿಸಿ ತಂದು, ಮುಖವಿರಬೇಕಾದಲ್ಲಿ ಬರೀ ಬೆಂದ ಕಂದು ಮೇಲ್ಪದರ ಬಿಟ್ಟು, ಬಿಳಿ ಬಟ್ಟೆಯ ಮೇಲೆ ಇಟ್ಟಳು. ಪ್ರಾರ್ಥನೆ ಹೇಳಲು ಬಂದ ಮುದುಕಿಯರು ಗುಸುಗುಸು ಮಾತಾಡಿಕೊಂಡರು. ಮಾರನೆಯ ದಿನ ರೂಢಿಯಂತೆ ಅವಳೂ ನೆರೆಮನೆಗಳಿಗೆ ಪ್ರಾರ್ಥನೆಗೆ ಹೋಗಬೇಕಾಯಿತು. ಮೊದಲ ಮನೆಯಲ್ಲಿ ಕುಡಿದು ಕುಡಿದು ಚರಂಡಿಯಲ್ಲಿ ಬಿದ್ದು ಸತ್ತ ಎವರಿಸ್ತೊ ಮುದುಕನ ಎಡೆ. ಅವನ ಬ್ರೆಡ್ಡಿಗೂ ಮಿರಿಯ ಮುಖ. ಹಿಲಾರಿಯಾ ಮೊಣಕಾಲೂರಿದಳು, ಎವರಿಸ್ತೊನ ಹೆಸರು ಹೇಳಿ ಪ್ರಾರ್ಥಿಸಿದಳು, ಮನೆಯವರು ಮಡಿಲಿಗೆ ಹಾಕಿದ ಕೂಸನ್ನು ಬೇಡವೆನ್ನಲಾಗದೆ ತಂದಳು. ಎರಡನೆಯ ಮನೆಯಲ್ಲೂ ಅದೇ. ಮೂರನೆಯದಕ್ಕೆ ಹೋಗಲಿಲ್ಲ. ಬಂದ ಮುಖಗಳನ್ನು ಕಿತ್ತು ಹಿತ್ತಲಿನ ಕೊರಕಲಿಗೆ ಎಸೆದಳು.

ಅಣ್ಣನ ಜೊತೆ ಮಾತು ಬಿಟ್ಟಳು. ಪ್ಲಾಸ್ಟರಿನ ಮುಖ ಕೇಳುವವರು ಕಡಿಮೆಯಾಗುತ್ತ ಬಂದು ನಿಂತೇಹೋದರು. ಹಿಲಾರಿಯಾ ಸಂತೆಯಲ್ಲಿ ಒಣ ಆಲೂಗಡ್ಡೆ ಮಾರಲು ಕೂತಳು. ಪ್ರತಿ ನವೆಂಬರಿನಲ್ಲೂ ಮುಖವಿಲ್ಲದ ಕೂಸು ಇಟ್ಟಳು. ಅದೊಂದು ಹಟವಾಗಿತ್ತು, ಆಮೇಲೆ ಅಭ್ಯಾಸವಾಯಿತು.

ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಒಂದು ದಿನ, ಆಲೂಗಡ್ಡೆ ಆರಿಸುತ್ತ ಕೂತಿದ್ದಾಗ, ಮಗಳ ಮುಖವನ್ನು ನೆನೆಯಲು ಹೋದಳು. ಬರಲಿಲ್ಲ. ಹಿಟ್ಟು ಮೆತ್ತಿದ ಕೈ ಬಂತು, ಕೆಮ್ಮಿನ ಸದ್ದು ಬಂತು, ಮುಖ ಬರಲಿಲ್ಲ. ಅಂದೇ ಜೇಡಿಮಣ್ಣು ತಂದು ಕೂತಳು. ಬೆರಳಿಗೆ ಬಂದದ್ದು ಯಾರೋ ದೊಡ್ಡ ಹೆಂಗಸು. ಅಳಿಸಿ ಮತ್ತೆ ಕೆತ್ತಿದರೆ ಬಂದದ್ದು ತನ್ನ ತಾಯಿ.

ಮರುದಿನ ನಾಚಿಕೆ ಬಿಟ್ಟು ಮುಖದ ಅಂಗಡಿಗೆ ಹೋದಳು.

"ಬಾಯಿ ಸ್ವಲ್ಪ ತೆರೆದಿರೋದು, ಒಂದು ಕಡೆ ಗುಳಿ ಬೀಳೋದು, ಅದು ಬೇಕಿತ್ತು."

"ಅದಾ? ಅಯ್ಯೋ, ಅದು ಹಳೇ ಮಾಡೆಲ್ ಅಜ್ಜಿ. ಯಾವ ಕಾಲಕ್ಕೋ ನಿಂತೋಯ್ತು. ಈಗ ಇದು ಓಡ್ತಿದೆ ನೋಡಿ, ಕಿರೀಟದ್ದು. ನೀಲಿ ಕಣ್ಣು."

ಎಲ್ಲ ಅಂಗಡಿ ಕೇಳಿದಳು. ಹಿತ್ತಲಿನ ಕೊರಕಲಿಗೆ ಇಳಿದು ಕೋಲಿನಿಂದ ಕೆದಕಿದಳು. ಅದೆಷ್ಟೋ ಮಳೆಗಾಲ ಅಲ್ಲಿ ಹರಿದುಹೋಗಿತ್ತು. ಕೊನೆಗೆ ಉಳಿದಿದ್ದದ್ದು ಒಂದೇ ಬಾಗಿಲು. ಒಲೆಮನೆ ಮುಚ್ಚಿತ್ತು, ಬಸೀಲಿಯಾ ತೀರಿಕೊಂಡಿದ್ದಳು. ಗುಮೆರ್ಸಿಂದೊ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ತಂಗಿಯನ್ನು ಕಂಡು ಏಳಲು ಹೋದ, ಆಗಲಿಲ್ಲ.

"ನಿನ್ನ ಹತ್ರ ಒಂದಾದ್ರೂ ಇದ್ಯೇನೋ?" ಅವಳು ಹೇಗಿದ್ದೀಯ ಎಂದೂ ಕೇಳಲಿಲ್ಲ.

ಅವನಿಗೆ ಏನೆಂದು ಬಿಡಿಸಿ ಹೇಳಬೇಕಾಗಲಿಲ್ಲ. "ಒಂದು ಮೂಟೆ ಕೊಟ್ಟಿದ್ದ ಅದ್ರಿಯಾನ್. ನೀನು ಕೂಗಾಡಿ ಹೋದೆಯಲ್ಲ, ಅವತ್ತೇ ಎಲ್ಲಾನೂ ಒಲೆಗೆ ಹಾಕಿದೆ. ಕಣ್ಣಿಂದ ನೋಡೋಕಾಗಲಿಲ್ಲ. ಅದರ ನಾತ ಹೋಗ್ದೆ ಒಂದು ವಾರ ಬ್ರೆಡ್ಡೇ ಸುಡಲಿಲ್ಲ ನಾನು."

"ಒಂದನ್ನಾದ್ರೂ ಇಟ್ಕೋಬಾರದಿತ್ತಾ?"

"ನೀನು ಅಚ್ಚು ಒಡೀಬಾರದಿತ್ತು."

ಹಿಲಾರಿಯಾ ಹೊಸ್ತಿಲ ಮೇಲೆ ಕೂತಳು. ಆಮೇಲೆ ಅವಳು, "ಎಡಗೆನ್ನೇಲಿ ಅಲ್ವಾ ಗುಳಿ?" ಎಂದು ಕೇಳಿದಳು.

"ಬಲಗೆನ್ನೆ."

"ನಾನು ಹೆತ್ತವಳು ಕಣೋ!"

"ದಿನಾ ಒಲೆಮನೇಲಿ ಎತ್ಕೊಂಡಿದ್ದೋನು ನಾನು. ಬಲಗೆನ್ನೆ."

ದನಿ ಏರಿತು. ಹಳೆಯದೆಲ್ಲ ಹೊರಬಂತು, ಗಂಡ ಬಿಟ್ಟುಹೋದದ್ದು, ಬಸೀಲಿಯಾ ಆಡಿದ ಮಾತು, ಕೆಮ್ಮು ಬಂದ ದಿನ ಡಾಕ್ಟರಲ್ಲಿಗೆ ಹೋಗುವುದು ಬೇಡವೆಂದದ್ದು ಯಾರು ಎಂಬುದು. ಹಿಲಾರಿಯಾ ಎದ್ದು ನಡೆದಳು. ಅವನು ಹಿಂದಿನಿಂದ ಕರೆಯಲಿಲ್ಲ. ಮತ್ತೆ ಅವರು ಭೇಟಿಯಾಗಲಿಲ್ಲ; ಆ ಮಳೆಗಾಲದಲ್ಲೇ ಅವನು ತೀರಿಕೊಂಡ.

ನವೆಂಬರಿಗೆ ಅವಳು ಎರಡು ಕೂಸು ಸುಡಿಸಿದಳು, ಅಣ್ಣನಿಗೊಂದು, ಮಗಳಿಗೊಂದು. ಮುಖದ ಅಂಗಡಿಯಲ್ಲಿ ಕೈಗೆ ಸಿಕ್ಕ ಎರಡನ್ನು, ಒಂದು ಮೀಸೆಯದು, ಒಂದು ಕಿರೀಟದ್ದು, ಕೊಂಡು ತಂದು ಹಚ್ಚಿದಳು. ಪ್ರಾರ್ಥನೆಗೆ ಬಂದ ಮುದುಕ ಎಡೆಯ ಮುಂದೆ ಟೋಪಿ ತೆಗೆದು, ಕಿರೀಟದ ಕೂಸನ್ನು ನೋಡಿ, "ಚೆಂದದ ಮಗು. ನಿಮ್ಮದಾ?" ಎಂದು ಕೇಳಿದ.

"ಮುಖ ಯಾರದೋ ಗೊತ್ತಿಲ್ಲ" ಎಂದಳು ಹಿಲಾರಿಯಾ. "ಪ್ರಾರ್ಥನೆ ಮಾತ್ರ ಎದೆಲ್ಮಿರಾ ಅನ್ನೋ ಹೆಸರಿಗೆ ಹೇಳಿ."

ಅವನು ಹೇಳಿ ಮುಗಿಸಿದ ಮೇಲೆ, ಕಿರೀಟದ ಕೂಸನ್ನೇ ಎತ್ತಿ ಅವನ ಚೀಲಕ್ಕೆ ಹಾಕಿದಳು.