ಬಾಯಮ್ಮನ ಭಾನುವಾರದ ಇಗರ್ಜಿಗಳು

ಭಾನುವಾರ ಸಂಜೆ ಬಾಯಮ್ಮನ ಉಗುರುಗಳ ಸಂದಿಯಲ್ಲಿ ಮಣ್ಣಿರುತ್ತಿತ್ತು. ಉಳಿದ ದಿನ ಆ ಕೈಗಳಿಗೆ ಬರೀ ಸಾಬೂನಿನ ವಾಸನೆ. ಜರ್ಮನಿಯ ಆಸ್ಪತ್ರೆಗಳಲ್ಲಿ ಆಯುಷ್ಯ ಸವೆಸಿದ ನರ್ಸಿನ ಕೈಗಳವು. ಹುಡುಗಿಯಾಗಿದ್ದಾಗಲೇ ಮಂಗಳೂರಿನಿಂದ ಬಂದವರು, ಮದುವೆಯಾಗಲಿಲ್ಲ. ನಾನು ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಹಿಡಿದು ರೇಗನ್ಸ್‌ಬರ್ಗ್‌ನಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಮೇಲಿನ ಮನೆಯಲ್ಲಿದ್ದರು. ನಮ್ಮ ಕರಾವಳಿಯಲ್ಲಿ ಕ್ರೈಸ್ತರ ಹಿರಿಯ ಹೆಂಗಸರನ್ನು ಕರೆಯುವಂತೆ ಬಾಯಮ್ಮ ಎನ್ನುತ್ತಿದ್ದೆ. ನಾನು ಉಡುಪಿಯವಳೆಂದು ತಿಳಿದದ್ದೇ ತಡ, "ಮನೇಲಿ ಕೂತು ಎಂತ ಮಾಡ್ತಿ? ಬಾ, ಇಗರ್ಜಿ ನೋಡಿ ಬರುವ" ಎಂದು ಕಾರಿಗೆ ಹತ್ತಿಸಿಕೊಂಡರು. ಅವರ ಡ್ರೈವಿಂಗೋ, ದೇವರೇ ಗತಿ!

ಆ ಭಾನುವಾರಗಳೆಲ್ಲ ನೆನಪಿನಲ್ಲಿ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಕಲೆತುಹೋಗಿವೆ. ಹಳದಿ ಹೊಲ, ಅದರಾಚೆ ಈರುಳ್ಳಿಯಾಕಾರದ ಗೋಪುರ, ಕಿಟಕಿಗಳ ತುಂಬ ಕೆಂಪು ಹೂ, ಎಲ್ಲಿಂದಲೋ ಕೊಟ್ಟಿಗೆಯ ವಾಸನೆ. ಹಳ್ಳಿಯ ಬೀದಿಯಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ. ಇಗರ್ಜಿಯೊಳಗೆ ಮೇಣದ ಕಂಪಿನ ತಣ್ಣನೆ ನೆರಳು. ಚಾವಣಿಯ ಚಿತ್ರದಲ್ಲಿ ಮೋಡದ ಮೇಲೆ ತೇಲುವ ದೇವದೂತರನ್ನು ನೋಡುತ್ತ ಕೂತರೆ ನಾನೂ ತೇಲುತ್ತಿದ್ದೆ. ಬಾಯಮ್ಮ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು: "ಎಷ್ಟು ಗುಂಡಗೆ ಇದ್ದಾರೆ ನೋಡು. ಇಂಜೆಕ್ಷನ್ ಚುಚ್ಚಲಿಕ್ಕೆ ಒಳ್ಳೇ ಜಾಗ ಉಂಟು."

ಒಂದೇ ತೊಡಕು. ಆ ಹಳ್ಳಿಗಳಲ್ಲಿ ಇಗರ್ಜಿಯ ಸುತ್ತಲೂ ಸ್ಮಶಾನ. ನಮ್ಮ ಮನೆಯ ಹೆಂಗಸರು ಸ್ಮಶಾನ ಮೆಟ್ಟುವಂತಿಲ್ಲ. ಮೊದಲ ಸಲ ಗೇಟಿನಲ್ಲೇ ನಿಂತುಬಿಟ್ಟೆ.

"ಮನೆಗೆ ಹೋಗಿ ತಲೆಗೆ ನೀರು ಹಾಕಿದ್ರೆ ಮುಗೀತು ಮಾರಾಯ್ತಿ. ಇವರು ಯಾರೂ ನಿನ್ನ ಹಿಂದೆ ಬರುದಿಲ್ಲ, ಇಲ್ಲೇ ಒಳ್ಳೇ ಬಿಸಿಲುಂಟು ಅವರಿಗೆ" ಎಂದು ನಕ್ಕರು. ಹಾಗೆಯೇ ಮಾಡಿದೆ.

ಅವರು ಮಾತ್ರ ಯಾರೂ ನೋಡಿಕೊಳ್ಳದ ಯಾರದೋ ಸಮಾಧಿಗಳ ಮುಂದೆ ಕೂತು ಕಳೆ ಕೀಳುತ್ತಿದ್ದರು, ನಲ್ಲಿಯಿಂದ ನೀರು ತಂದು ಗಿಡಗಳಿಗೆ ಹಾಕುತ್ತಿದ್ದರು. ಒಮ್ಮೆ, "ಇವರೆಲ್ಲ ನಿಮಗೆ ಏನಾಗ್ಬೇಕು ಬಾಯಮ್ಮ?" ಎಂದು ಕೇಳಿದೆ. ಅವರ ಕೈ ನಿಂತಿತು.

"ನಮ್ಮ ಊರಲ್ಲಿ ಸತ್ರೆ ಜಗಳ ಆಡಿದವರೇ ಮೊದ್ಲು ಬರ್ತಾರೆ. ಇಲ್ಲಿ ಪಾದ್ರಿ, ಪೆಟ್ಟಿಗೆ ಹೊರುವವರು, ಅಷ್ಟೇ. ಅಂಥದ್ದು ಎಷ್ಟು ನೋಡಿದ್ದೇನೆ! ಸಾಯ್ಲಿಕ್ಕೆ ನಂಗೆ ಹೆದರಿಕೆ ಇಲ್ಲ. ಪೆಟ್ಟಿಗೆ ಹಿಂದೆ ನಡೀಲಿಕ್ಕೆ ಒಂದು ಜನ ಇಲ್ಲದಿದ್ರೆ... ಅದೊಂದು ನಂಗೆ ಆಗುದಿಲ್ಲ."

ನಾನು ಬರುತ್ತೇನೆ ಎನ್ನುವ ಬದಲು ಅವರು ಕಿತ್ತ ಕಳೆಯನ್ನು ಗುಡ್ಡೆ ಹಾಕಿದೆ. "ಬಾ, ಕಾಫಿ ಕುಡಿಯುವ" ಎಂದು ಅವರೇ ಎದ್ದರು.

ಮುಂದಿನ ಚಳಿಗಾಲದಲ್ಲಿ ಬಾಯಮ್ಮ ನಿದ್ದೆಯಲ್ಲೇ ಹೋದರು. ಮಂಗಳೂರಿನ ತಂಗಿಗೆ ಹೊತ್ತಿಗೆ ಸರಿಯಾಗಿ ವೀಸಾ ಸಿಗಲಿಲ್ಲ. ಮಣ್ಣು ಮಾಡುವ ದಿನ ಸಣ್ಣಗೆ ಹಿಮ ಬೀಳುತ್ತಿತ್ತು. ಇಗರ್ಜಿಯ ಗಂಟೆ ಮೊಳಗಿತು. ಪಾದ್ರಿ ಸುತ್ತ ಕಣ್ಣಾಡಿಸಿ, ಮನೆಯವರು ಯಾರು ಎಂದು ಕೇಳಿದರು.

ನನ್ನ ಅಪ್ಪನನ್ನು ಸ್ಮಶಾನಕ್ಕೆ ಒಯ್ದ ದಿನ ನಾನು ಅಂಗಳ ದಾಟಿರಲಿಲ್ಲ. ದಾಟಲು ಯಾರೂ ಬಿಟ್ಟಿರಲಿಲ್ಲ.

"ನಾನು" ಎಂದೆ.

ಪೆಟ್ಟಿಗೆ ಹೊರಟಿತು. ಬಿಕ್ಕುತ್ತಲೇ ಅದರ ಹಿಂದೆ ನಡೆದೆ, ಗುಂಡಿಯ ಅಂಚಿನವರೆಗೂ.