ಕೆಂಪ ಚೀಟಿ ಫ್ಲಾಪಿ

ಸವದತ್ತಿ ಬಸ್ ಸ್ಟ್ಯಾಂಡಿನಿಂದ ಹೊರಗ ಬಂದು ಯಾರನ್ನರ ‘ಖಾನಾವಳಿ ಕಾಡಪ್ಪ ಎಲ್ಲಿರತಾನ’ ಅಂತ ಕೇಳಿದ್ರ, ‘ಯಾವ ಕಾಡಪ್ಪ, ಚೆಂಡ ಕುಣಸಾಂವ ಏನು?’ ಅಂತ ತಿರುಗಿ ಕೇಳತಿದ್ರು. ಅಂವನ ನಾನು. ಖಾನಾವಳಿ ಅನ್ನೂದು ನನ್ನ ಹೆಸರಿನ ಮುಂದ ಬರೇ ಶೋಕಿಗೆ ಐತಿ. ರೊಟ್ಟಿ ಬಡಿಯೂದು, ಪಲ್ಯಾ ಮಾಡೂದು, ಮೊಸರು ಹೆಪ್ಪ ಹಾಕೂದು ಎಲ್ಲಾ ನನ್ನ ಹೆಂಡತಿ ಶೈಲಜಾ. ನಾನು ಗಲ್ಲಾದ ಮುಂದ ಕುಂತು ‘ಚಿಲ್ಲರಿ ಇಲ್ಲರಿ’ ಅಂತ ಹೇಳಾಂವ. ಅಷ್ಟೂ ನನಗ ನೆಟ್ಟಗ ಬರಂಗಿಲ್ಲ ಅಂತ ಅಕಿ ಅಭಿಪ್ರಾಯ. ಅಕಿ ಅಭಿಪ್ರಾಯ ಸುಳ್ಳಾಗಿದ್ದು ನಾನಂತೂ ಕಂಡಿಲ್ಲ.

ನನಗ ಹುಚ್ಚ ಹಿಡದದ್ದು ತೊಂಬತ್ತರ ದಶಕದ ಕಡೀಕ. ಧಾರವಾಡದಾಗ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದೆ. ಕಲತದ್ದು ಚಮಚಾದಷ್ಟು, ತಲಿಗೇರಿದ್ದು ಕೊಡದಷ್ಟು. ಊರಾಗ ಕಂಪ್ಯೂಟರ್ ಇದ್ದವರೆಲ್ಲಾ ಒಂದ ನಮೂನಿ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಂಡು ಸುಮ್ಮನ ಕೆಲಸಾ ಮಾಡಕೋಂತ ಕುಂತಿದ್ರು. ಆಪರೇಟಿಂಗ್ ಸಿಸ್ಟಂ ಅಂದ್ರ ಮತ್ತೇನಲ್ಲ, ಮನಿಗೆ ಯಜಮಾನ ಇದ್ದಂಗ ಕಂಪ್ಯೂಟರಿಗೆ ಅದು. ಅದು ಹೇಳದ ಹೊರತು ಒಳಗ ಯಾರೂ ಮಿಸುಕಾಡಂಗಿಲ್ಲ. ನಮ್ಮ ಮನಿ ಯಜಮಾನನ ಹಂಗಲ್ಲ ಅನ್ರಿ.

ಊರಿಗೆ ಒಂದ ದಾರಿ ಆದ್ರ ಎಡವಟ್ಟಗ ಒಂದ ದಾರಿ ಅಂತಾರಲ್ಲ, ಹಂಗ ಆತು ನಂದು. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡ್ಯಾಗ ಒಂದು ಕಂಪ್ಯೂಟರ್ ಮಾಸಪತ್ರಿಕೆ ಕೊಂಡೆ. ಅದರ ಜೋಡಿ ಒಂದು ಸೀಡಿ ಪುಕ್ಕಟ. ಆ ಸೀಡಿಯೊಳಗ, ದೂರ ದೇಶದ ಹವ್ಯಾಸಿ ಮಂದಿ ಹೊಟ್ಟಿಪಾಡಿಗಲ್ಲ, ಬರೇ ಖುಷಿಗೆ ಬರದ ಸಣ್ಣ ಸಣ್ಣ ಆಪರೇಟಿಂಗ್ ಸಿಸ್ಟಂ ಇದ್ದವು. ಹಳೇ ಕಂಪ್ಯೂಟರಿನ್ಯಾಗೂ ಓಡತಾವ ಅಂತ ಬರದಿತ್ತು. ನನಗ ಹೊಸಾದು ಕೊಳ್ಳೂ ತಾಕತ್ತಿಲ್ಲ, ಹಳೇದು ಬಿಡೂ ಬುದ್ಧಿಯಿಲ್ಲ. ಇದು ನನಗ ಅಂತನ ಮಾಡೇತಿ ಅನಸ್ತು.

ನಮ್ಮ ಓಣಿ ಮೂಲ್ಯಾಗ ಗುಜರಿ ಅಂಗಡಿ ಇಟ್ಟ ಮುರ್ತುಜಾಸಾಬರು ಇದ್ರು. ನಾ ಸಣ್ಣಾಂವ ಇದ್ದಾಗಿಂದ ಅವರು ನನಗ ಚಾಚಾ. ಆಫೀಸಿನವರು ಬಿಸಾಕಿದ ಕುರ್ಚಿ, ಫ್ಯಾನು, ಕಂಪ್ಯೂಟರು ತಂದು ತೂಕದ ಮ್ಯಾಲ ಮಾರತಿದ್ರು. ಎರಡ ಸಾವಿರದ ಒಂದನೇ ಇಸವಿ ಮಳಿಗಾಲ ಮುಗದ ಮ್ಯಾಲ ಅವರ ಕಡಿಂದ ಒಂದು ಕಂಪ್ಯೂಟರ್ ಎತ್ತಿಕೊಂಡು ಬಂದೆ. ಅಡ್ಡ ಮಲಗಸೂ ಅಂಥಾ ಕಬ್ಬಿಣದ ಪೆಟ್ಟಿಗಿ, ಒಂದು ಮಾನಿಟರು, ಒಂದು ಕೀಬೋರ್ಡು. ಒಳಗ ಹಾರ್ಡ್ ಡಿಸ್ಕ್ ಇರಲೇ ಇಲ್ಲ.

‘ತಮ್ಮಾ, ಇದು ಜೀವಂತ ಐತೋ ಸತ್ತೈತೋ ನನಗ ಗೊತ್ತಿಲ್ಲ. ತೂಕಾ ಅಂತೂ ಚಲೋ ಐತಿ,’ ಅಂದ್ರು ಚಾಚಾ.

ಸೀಡಿಯೊಳಗಿಂದ ಒಂದೊಂದನ್ನ ಫ್ಲಾಪಿಗೆ ಹಾಕಿಸಿಕೊಂಡು ಬಂದು ತುರುಕಿ ನೋಡಿದೆ. ಒಂದು ಹಾಕಿದ್ರ ಪರದೆ ಪೂರಾ ಕರೀದು. ಇನ್ನೊಂದು ಹಾಕಿದ್ರ ಮೂಲ್ಯಾಗ ಒಂದು ಗೆರಿ ಮಿಣಮಿಣ ಅಂತಿತ್ತು, ಮುಂದ ಮಾತಿಲ್ಲ ಕತಿಯಿಲ್ಲ. ಕಡೀಕ ಒಂದು ಹತ್ತಿತು. ಫ್ಲಾಪಿ ಕರ್ ಕರ್ ಅಂತ ತಿರುಗಿ, ಪರದೆ ನೀಲಿ ಆಗಿ, ಅದರಾಗ ಒಂದು ಗಡಿಯಾರ, ಒಂದು ಕ್ಯಾಲ್ಕುಲೇಟರು, ಒಂದು ಪುಟಿಯೂ ಚೆಂಡು ಬಂದವು. ಇಡೀ ಆಪರೇಟಿಂಗ್ ಸಿಸ್ಟಂ ಒಂದ ಫ್ಲಾಪಿಯೊಳಗ. ನನ್ನ ಕಣ್ಣಾಗ ನೀರ ಬಂತು. ಆ ಫ್ಲಾಪಿಗೆ ಕೆಂಪ ಚೀಟಿ ಹಚ್ಚಿ ಗಲ್ಲಾದ ಬಾಜೂಕ ಕಂಪ್ಯೂಟರ್ ಇಟ್ಟೆ.

ಶೈಲಜಾಗ ಹೇಳಿದೆ, ‘ಇನ್ನ ಮುಂದ ನಮ್ಮ ಖಾನಾವಳಿ ಬಿಲ್ಲು ಎಲ್ಲಾ ಕಂಪ್ಯೂಟರಿನ್ಯಾಗ.’

ಆ ಫ್ಲಾಪಿಗೆ ಪ್ರಿಂಟರ್ ಅಂದ್ರ ಏನಂತನ ಗೊತ್ತಿರಲಿಲ್ಲ. ಕ್ಯಾಲ್ಕುಲೇಟರಿನ್ಯಾಗ ನಾ ಎರಡು ತಾಟಿನ ಲೆಕ್ಕಾ ಮಾಡೂದ್ರಾಗ ಗಿರಾಕಿ ಬಸ್ ಹತ್ತಿ ಯರಗಟ್ಟಿ ಮುಟ್ಟಿರತಿದ್ದ. ಹಿಂಗಾಗಿ ಬಿಲ್ಲಿನ ಮಾತು ಬಿಟ್ಟೆ. ಆದ್ರ ಒಂದು ಆಸೆ ಮಾತ್ರ ಎದಿಯಾಗ ಕುಂತುಬಿಟ್ಟಿತು. ಈ ಊರಾಗ ನನ್ನ ಬಿಟ್ಟು ಇನ್ನೊಬ್ಬರು, ಒಬ್ಬರ ಸಾಕು, ಇದನ್ನ ಬೇಕಂತ ಕೇಳಿ ಉಪಯೋಗಾ ಮಾಡಬೇಕು.

ಮೊದಲ ದಾಳಿ ದುಂಡಪ್ಪ ಮಾಸ್ತರ ಮ್ಯಾಲ. ರಿಟೈರ್ ಆದ ಸಾಲಿ ಮಾಸ್ತರು, ದಿನಾ ಮಧ್ಯಾಹ್ನ ನಮ್ಮಲ್ಲೇ ಊಟ, ಮೂಲಿ ಮೇಜು ಅವರದ. ನಮ್ಮ ಗಟ್ಟಿ ಮೊಸರಿನ ರುಚಿ ಬಗ್ಗೆ ಅವರು ಹೇಳಿದ್ದ ಕಡೀ ಮಾತು. ಅಂಥಾವರನ್ನ ಕರದು ಪರದೆ ಮುಂದ ಕುಂದ್ರಿಸಿದೆ.

‘ಈ ಚೆಂಡು ಏನ ಮಾಡತೈತಿ?’ ಅಂದ್ರು.

‘ಪುಟೀತೈತ್ರಿ ಸರ್ರ.’

‘ಮತ್ತ?’

‘ಮತ್ತೂ ಪುಟೀತೈತ್ರಿ.’

ಮಾಸ್ತರು ಸ್ವಲ್ಪ ಹೊತ್ತು ಚೆಂಡು ನೋಡಿ, ಆಮ್ಯಾಲ ನನ್ನ ಮುಖಾ ನೋಡಿ, ಕೈ ತೊಳಕೊಳ್ಳಾಕ ಎದ್ದು ಹೋದ್ರು. ಅವತ್ತಿಂದ ನನಗ ಚೆಂಡ ಕುಣಸಾಂವ ಅಂತ ಹೆಸರ ಬಿತ್ತು.

ಶೈಲಜಾ ಅಷ್ಟು ಬೇಗ ಸಿಟ್ಟಾಗಾಕಿ ಅಲ್ಲ. ಆದ್ರ ಗಿರಾಕಿ ಚಿಲ್ಲರಿಗೆ ಕೈಯೊಡ್ಡಿಕೊಂಡು ನಿಂತಾಗ ನಾ ಚೆಂಡಿನ ಬಣ್ಣಾ ಬದಲಿ ಮಾಡಕೋಂತ ಕುಂತದ್ದು ಕಂಡ ದಿನ ಅಕಿ ತಡಕೊಳ್ಳಲಿಲ್ಲ. ‘ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ,’ ಅಂದ್ಲು. ‘ರೀ, ಸಂಕ್ರಮಣದ ತನಕ ನೋಡತೇನಿ. ಅಷ್ಟರಾಗ ಇದನ್ನ ಒಬ್ಬರರ ಬೇಕಂತ ಕೇಳಿದ್ರ ಸೈ. ಇಲ್ಲಂದ್ರ ಚಾಚಾರ ಗಾಡಿ ಹತ್ತಸ್ತೇನಿ.’

ನಾ ಒಪ್ಪಿಕೊಂಡೆ. ಇಷ್ಟು ದೊಡ್ಡ ಊರಾಗ ಒಬ್ಬರು ಸಿಗಂಗಿಲ್ಲೇನು ಅಂತ ಧೈರ್ಯಾ. ತಾಲೂಕು ಆಫೀಸಿನ ಮುಂದ ಅರ್ಜಿ ಟೈಪ್ ಮಾಡಾವರನ್ನ ಕೇಳಿದೆ, ಕನ್ನಡ ಬರತೈತೇನು ಅಂದ್ರು. ಬರಂಗಿಲ್ಲ ಅಂದೆ. ಬಾಜೂ ಊರು ಉಗರಗೋಳದಾಗ ಬಳಿ ಅಂಗಡಿಯವರಿಗೆ ಹೇಳಿದೆ, ಹಾಡು ಹಚ್ಚತೈತೇನು ಅಂದ್ರು. ಸಪ್ಪಳನ ಮಾಡಂಗಿಲ್ಲ ಅಂದೆ. ‘ಮತ್ತ ಏನ ಮಾಡತೈತಿ?’ ಅಂದ್ರು. ‘ಎಷ್ಟು ದಿನಾ ಆದ್ರೂ ಬಂದ್ ಬೀಳದನ ಓಡತೈತಿ’ ಅಂತ ಎದಿ ಉಬ್ಬಿಸಿ ಹೇಳಿದೆ. ಕರೆಂಟ್ ಇದ್ದಷ್ಟು ಹೊತ್ತು ಅನ್ನೂದನ್ನ ನುಂಗಿಕೊಂಡೆ. ಹಿಂಗ ಹೇಳಿದ ತಪ್ಪಿಗೆ ಹಗಲು ರಾತ್ರಿ ಅದನ್ನ ಚಾಲೂನ ಇಡಬೇಕಾತು.

ಅದ ಚಳಿಗಾಲದಾಗ ನಮ್ಮ ಮನಿಗೆ ಗ್ಯಾಸ್ ಬಂತು, ಒಲಿ ಹೋತು. ಹೊಗಿ ಹೋತಂತ ಖುಷಿ ಪಟ್ವಿ. ಆದ್ರ ಒಲಿ ಹಿಂದಿನ ಬೆಚ್ಚನ್ನ ಬೂದಿ ಬಾಜೂಕ ಇಟ್ಟ ಗಡಿಗ್ಯಾಗನ ಶೈಲಜಾ ಮೊಸರು ಹೆಪ್ಪ ಹಾಕತಿದ್ಲು. ಬೂದಿ ಹೋತು, ಚಳಿ ಬಂತು, ಮೊಸರು ನೀರಾತು. ಕಂಬಳಿ ಸುತ್ತಿದ್ಲು, ಜ್ವಾಳದ ಚೀಲದಾಗ ಹುಗಿದ್ಲು, ಏನೂ ನಡೀಲಿಲ್ಲ. ಮಾಸ್ತರು ಮೊಸರಿನ ವಾಟಿ ಬಾಯಿ ತನಕ ಒಯ್ದು ಇಳಿಸಿಬಿಟ್ರು. ಏನೂ ಅನಲಿಲ್ಲ. ಅನ್ನದ್ದಕ್ಕ ಶೈಲಜಾ ಅಡಗಿಮನ್ಯಾಗ ಕಣ್ಣೀರ ಹಾಕಿದ್ಲು.

ಮರುದಿನ ಮುಂಜಾನೆ ಬಾಗಲಾ ತಗದು ನೋಡತೇನಿ, ನನ್ನ ಕಂಪ್ಯೂಟರಿನ ಮ್ಯಾಲ ಮೊಸರಿನ ಗಡಿಗಿ ಕುಂತೈತಿ. ನನ್ನ ಜೀವಾ ಬಾಯಿಗೆ ಬಂತು.

‘ಏನ ಮಾಡೀದಿ ಇದು? ಒಂದು ಹನಿ ಒಳಗ ಬಿದ್ರ ಮುಗೀತು.’

‘ಒರಸಾಕ ಹೋಗಿದ್ನಿ, ಪೆಟ್ಟಿಗಿ ಬೆಚ್ಚಗಿತ್ತು. ಅದಕ್ಕ ಇಟ್ಟೆ,’ ಅಂದ್ಲು. ಗಡಿಗಿ ಮುಚ್ಚಳಾ ತಗದು ಚಮಚಾ ನಿಲ್ಲಿಸಿ ತೋರಿಸಿದ್ಲು. ಚಮಚಾ ಅಲ್ಲಾಡಲಿಲ್ಲ. ‘ಇದನ್ನ ತಂದಾಗಿಂದ ಇವತ್ತು ಮೊದಲನೇ ಸಲ ಕೆಲಸಾ ಮಾಡೇತಿ.’

ನನಗ ಭಾಳ ಅವಮಾನ ಆತು. ಪರದೇಶದ ಶಾಣ್ಯಾ ಮಂದಿ ಬರದ ಆಪರೇಟಿಂಗ್ ಸಿಸ್ಟಂ ಒಲಿ ಬೂದಿ ಆಗೂದಂದ್ರ ಏನು. ಇದನ್ನ ಉಪಯೋಗ ಅಂತ ನಾ ಲೆಕ್ಕಕ್ಕ ಹಿಡೀಲಿಲ್ಲ. ಸಂಕ್ರಮಣ ಹತ್ರ ಬಂದಿತ್ತು. ಧಾರವಾಡಕ್ಕ ಹೋಗಿ ಸೈಬರ್ ಕೆಫೆಯೊಳಗ ಕುಂತು ಅದರ ಹೊಸಾ ವರ್ಶನ್ ಇಳಿಸಿಕೊಂಡು ಬಂದೆ. ಹಸರ ಚೀಟಿ ಹಚ್ಚಿದೆ. ಇದರಾಗ ಎರಡು ಚೆಂಡು ಇದ್ದವು. ಮತ್ತ ಒಂದು ಸುಧಾರಣಾ ಮಾಡಿದ್ರು: ಕೆಲಸಿಲ್ಲದಾಗ ಮಷಿನ್ ಸುಮ್ಮನ ಖಾಲಿ ಓಡಂಗಿಲ್ಲ, ಮಲಗತೈತಿ, ತಣ್ಣಗಿರತೈತಿ. ಭಾಳ ಹೆಮ್ಮಿಯಿಂದ ಬರಕೊಂಡಿದ್ರು ಪಾಪ. ಮನಿಗೆ ಬಂದು ಹಸರ ಚೀಟಿದು ಹಾಕಿದೆ, ಶೈಲಜಾ ಅದರ ಮ್ಯಾಲ ಗಡಿಗಿ ಇಟ್ಲು, ಇಬ್ಬರೂ ಮಲಗಿದ್ವಿ.

ಮುಂಜಾನೆ ಮೊಸರಿಲ್ಲ, ಹಾಲು. ಅದೂ ಹುಳಿ ಹಾಲು. ಸಂಕ್ರಮಣಕ್ಕ ಮೊಸರನ್ನಾ ಬೇಕಂತ ನಾಕ ಮನಿಯವರು ಮೊದಲ ಹೇಳಿಟ್ಟಿದ್ರು.

ಶೈಲಜಾ ಪೆಟ್ಟಿಗಿ ಮ್ಯಾಲ ಕೈ ಇಟ್ಟು ನೋಡಿದ್ಲು. ‘ತಣ್ಣಗೈತಿ. ಏನ ಮಾಡೀರಿ ಇದಕ್ಕ?’

‘ಹೊಸಾ ವರ್ಶನ್ ಹಾಕೇನಿ. ಇದು ಸುಧಾರಸೇತಿ.’

‘ಸುಧಾರಸೂದು ಬ್ಯಾಡ. ಮೊದಲಿಂದು ಹಾಕ್ರಿ. ಆ ಕೆಂಪ ಚೀಟಿದು.’

ನನಗ ನನ್ನ ಕಿವಿನ ನಂಬಾಕ ಆಗಲಿಲ್ಲ. ‘ಯಾವುದು?’ ಅಂತ ಮತ್ತೊಮ್ಮಿ ಕೇಳಿದೆ, ಬೇಕಂತನ.

‘ಕೆಂಪ ಚೀಟಿದ್ರಿ. ನನಗ ಅದ ಬೇಕು.’

ಬೇಕು ಅಂದ್ಲು. ಹೆಸರು ಹಿಡದು ಕೇಳಿದ್ಲು. ಹಾಳೂರಿಗೆ ಉಳದಾವನ ಗೌಡ ಅಂತಾರ, ಅವತ್ತು ಆ ಗೌಡಕಿ ನನಗ ಸಿಕ್ಕಿತು. ಹಸರ ಚೀಟಿದು ತಗದು ಕೆಂಪ ಚೀಟಿದು ಹಾಕಿದೆ. ಮರುದಿನ ಮೊಸರು ಕಲ್ಲಿನಂಗ ನಿಂತಿತ್ತು. ಮಾಸ್ತರು ಎರಡನೇ ವಾಟಿ ಕೇಳಿದ್ರು.

ಸಂಕ್ರಮಣದ ದಿನ ಮುರ್ತುಜಾ ಚಾಚಾ ಎಳ್ಳು ಬೆಲ್ಲ ತಗೊಳ್ಳಾಕ ಬಂದ್ರು, ಗಾಡಿನೂ ತಂದಿದ್ರು. ನಾ ಗೆದ್ದ ಹುಂಜದಂಗ ನಿಂತಿದ್ದೆ. ಶೈಲಜಾ ಅವರಿಗೆ ಎಳ್ಳು ಬೆಲ್ಲ ಕೊಟ್ಟು, ‘ಚಾಚಾ, ಪೆಟ್ಟಿಗಿ ಇರಲಿ, ಅದು ನನಗ ಬೇಕು,’ ಅಂದ್ಲು. ಆಮ್ಯಾಲ ಮಾನಿಟರಿನ ಕಡೆ ಕೈ ತೋರಿಸಿ, ‘ಇದನ್ನ ಒಯ್ರಿ. ಇದರ ಮ್ಯಾಲ ಗಡಿಗಿ ನಿಂದ್ರಂಗಿಲ್ಲ,’ ಅಂದ್ಲು.

ಕೀಬೋರ್ಡ್ ಇಲ್ಲದ ಹೊರತು ಪೆಟ್ಟಿಗಿ ಏಳಂಗಿಲ್ಲ ಅಂತ ಕೈಮುಗದು ಅದೊಂದನ್ನ ಉಳಿಸಿಕೊಂಡೆ. ಪೆಟ್ಟಿಗಿ ಅಡಗಿಮನಿಗೆ ಹೋತು. ನನ್ನ ಆಪರೇಟಿಂಗ್ ಸಿಸ್ಟಮ್ಮಿಗೆ ಸವದತ್ತಿಯೊಳಗ ಒಬ್ಬಾಕಿ ಸಿಕ್ಕಿದ್ಲು ಖರೆ, ಅದರ ಪರದೆ ಮಾತ್ರ ಗುಜರಿ ಸೇರಿತು. ಒಳಗ ಚೆಂಡು ಯಾರೂ ನೋಡದನ ಪುಟೀತಿತ್ತು. ಆದ್ರೂ ಗಲ್ಲಾದ ಮುಂದ ಕುಂತಾಗ ಎದಿ ತುಂಬಿರತಿತ್ತು. ಯಾರರ ನಕ್ಕರ, ‘ನಮ್ಮ ಖಾನಾವಳಿ ನಡಿಯೂದ ಅದರ ಮ್ಯಾಲ’ ಅಂತಿದ್ದೆ. ಒಂದು ವರ್ಷಾ ಹಿಂಗ ಹೋತು.

ಮುಂದಿನ ಚಳಿಗಾಲ. ದುಂಡಪ್ಪ ಮಾಸ್ತರು ಬೈಲಹೊಂಗಲಕ್ಕ ಮಗಳ ಮನಿಗೆ ಹೋಗಿದ್ರು, ಮೂಲಿ ಮೇಜು ಖಾಲಿ. ಗದ್ದಲ ಕಡಿಮಿ ಅಂತ ನಾನ ಉಪ್ಪು ತರಾಕ ಅಡಗಿಮನಿಗೆ ಹೋದೆ. ಉಪ್ಪಿನ ಡಬ್ಬಿ ಹಿಂದ ಕೆಂಪ ಚೀಟಿ ಫ್ಲಾಪಿ ಬಿದ್ದಿತ್ತು. ಮ್ಯಾಲ ಧೂಳು. ಅತ್ತಾಗ ಪೆಟ್ಟಿಗಿ ಚಾಲೂ, ಅದರ ಮ್ಯಾಲ ಗಡಿಗಿ, ಗಡಿಗ್ಯಾಗ ಗಟ್ಟಿ ಮೊಸರು.

‘ಇದು ಯಾಕ ಹೊರಗೈತಿ?’

‘ಅದಾ? ದೀಪಾವಳಿಗೆ ಒರಸೂ ಮುಂದ ತಗದಿದ್ನಿ. ಹಾಕೂದು ಮರತೆ,’ ಅಂದ್ಲು ರೊಟ್ಟಿ ಬಡಕೋಂತ. ‘ಅದಿಲ್ಲದನೂ ಮೊಸರು ಆಗತೈತ್ರಿ.’

ಆಗಬೇಕಾದ್ದ. ಫ್ಲಾಪಿ ಎಲ್ಲಿ ಫ್ಲಾಪಿ ಎಲ್ಲಿ ಅಂತ ಕಾದು ಕುಂತ ಮಷಿನ್ನೂ ಅಷ್ಟ ಬಿಸಿ ಆಗತೈತಿ, ಇದು ನನಗ ಮೊದಲ ಹೊಳೀಬೇಕಾಗಿತ್ತು. ದೀಪಾವಳಿಯಿಂದ ನಾ ಊರ ಮುಂದ ಜಂಬಾ ಕೊಚ್ಚಿದ್ದು ಒಂದು ಖಾಲಿ ಪೆಟ್ಟಿಗಿ ಬಗ್ಗೆ. ನನ್ನ ಆಪರೇಟಿಂಗ್ ಸಿಸ್ಟಮ್ಮಿಗೆ ಗಿರಾಕಿ ಅಂತ ಒಬ್ಬರೂ ಇರಲಿಲ್ಲ, ಯಾರಿಗೂ ಅದು ಬೇಕಾಗಿರಲಿಲ್ಲ. ನಗಬೇಕಂತ ಮಾಡಿದೆ, ಆಗಲಿಲ್ಲ. ಫ್ಲಾಪಿ ಒರಸಿ ಡಬ್ಬಿ ಬಾಜೂಕ ಇಟ್ಟು, ಉಪ್ಪು ಮರತು ಹೊರಗ ಬಂದೆ. ಶೈಲಜಾ ಬಾಗಲದಾಗ ನಿಂತು ನನ್ನ ನೋಡಿದ್ದು ಗೊತ್ತಾತು, ನಾ ತಿರುಗಲಿಲ್ಲ.

ಮರುದಿನ ಸಂಜೀಕ ಗಲ್ಲಾದ ಮುಂದ ಕುಂತಿದ್ದೆ. ಕರೆಂಟ್ ಹೋಗಿ ಬಂತು. ಅಡಗಿಮನಿಯಿಂದ ಕರ್ ಕರ್ ಸಪ್ಪಳ ಕೇಳಿಸ್ತು. ಎದ್ದು ಒಳಗ ಹೋದೆ. ಫ್ಲಾಪಿ ತನ್ನ ಜಾಗಾದಾಗ ಇತ್ತು, ಕೆಂಪ ಚೀಟಿ ಹೊರಗ ಕಾಣತಿತ್ತು.

‘ಬ್ಯಾಡ ಅಂದಿದ್ದಿಯಲ್ಲ?’ ಅಂದೆ.

ಶೈಲಜಾ ಗಡಿಗಿ ಮ್ಯಾಲ ದಟ್ಟಿ ಅರಿವಿ ಸುತ್ತಿದ್ಲು, ನನ್ನ ಕಡೆ ನೋಡಲಿಲ್ಲ. ‘ಬ್ಯಾಡ ಅನ್ನಲಿಲ್ಲ, ಆಗತೈತಿ ಅಂದ್ನಿ. ಆದ್ರ ಇದನ್ನ ಹಾಕಿದ್ರ ಮೊಸರಿಗೆ ರುಚಿನ ಬ್ಯಾರೆ. ಇವತ್ತ ಮಧ್ಯಾಹ್ನ ಮಾಸ್ತರ ಸೈತ ಹಂಗ ಅಂದ್ರು.’

ನಾ ಹೂಂ ಅಂದೆ. ಹೊರಗ ಬಂದು ಗಲ್ಲಾದ ಮುಂದ ಕುಂತೆ. ಮೂಲಿ ಮೇಜು ಖಾಲಿ ಇತ್ತು. ಮಾಸ್ತರು ಬೈಲಹೊಂಗಲದಿಂದ ಇನ್ನೂ ಬಂದಿರಲಿಲ್ಲ.