ಸಾವಿಗೂ ಮನೆಯ ವಿಳಾಸ ಬರೆದವರು

ನಗರದ ಆರೋಗ್ಯದ ಅಂಕಿಅಂಶಗಳನ್ನು ಕಚೇರಿಯ ಗೋಡೆಯಿಂದ ಇಳಿಸಿ ಓಣಿಯ ಕೆಸರಿನಲ್ಲಿ ನಡೆಸಿದ ಕೆಲವೇ ಕೆಲವರಲ್ಲಿ, ನಾವೆಲ್ಲ ‘ಗಲ್ಲಿ ಮೇಡಂ’ ಎಂದು ಕರೆಯುವ ಪಾಲಿಕೆಯ ಈ ಹಿರಿಯ ಸಾಂಖ್ಯಿಕ ಅಧಿಕಾರಿಗಳು ಅಗ್ರಗಣ್ಯರು.

ಸೇವೆಗೆ ಸೇರಿದ ಹೊಸತರಲ್ಲಿ, ಉಳಿದವರು ವಾರ್ಡಿಗೊಂದು ಸರಾಸರಿ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದಾಗ, ನಲ್ಲಿ ಎಲ್ಲಿ ಬತ್ತುತ್ತದೆ, ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಆಂಬುಲೆನ್ಸ್ ಯಾವ ತಿರುವಿನಲ್ಲಿ ನಿಂತುಬಿಡುತ್ತದೆ ಎಂಬುದನ್ನೆಲ್ಲ ಅವರು ನಡೆದು ನೋಡಿ ನಕ್ಷೆಗಿಳಿಸುತ್ತಿದ್ದರು. ತಗ್ಗಿನ ಓಣಿಯ ನಮ್ಮ ಓದುಕೂಟಕ್ಕೆ ನಕ್ಷೆ ಓದಲು ಕಲಿಸಿದವರೂ ಅವರೇ. ಕೂಸು ಎತ್ತಿಕೊಂಡು ಬಂದ ತಾಯಂದಿರಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು ತಾವು ನಿಂತೇ ಮಾತಾಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ನಮ್ಮ ತಗ್ಗಿನ ಓಣಿಗಳಿಗೆಂದೇ ಕಟ್ಟಿದ ಹೆರಿಗೆ ಕೇಂದ್ರವನ್ನು ಬಾಗಿಲು ತೆರೆಯುವ ಮೊದಲೇ ಗುಡ್ಡದ ಮೇಲಕ್ಕೆ, ದೊಡ್ಡಾಸ್ಪತ್ರೆಯ ಪಕ್ಕಕ್ಕೆ ಒಯ್ಯಲು ಪಾಲಿಕೆ ಹೊರಟಿತು. ಶಿಶುಮರಣ ಹೆಚ್ಚಿರುವುದು ಗುಡ್ಡದ ಬಡಾವಣೆಯಲ್ಲಂತೆ. ತಗ್ಗಿನಲ್ಲಿ ಇಲ್ಲವೇ ಇಲ್ಲವಂತೆ. ನಮ್ಮ ಕೂಸುಗಳು ತಡವಾಗಿ ಆಸ್ಪತ್ರೆ ಮುಟ್ಟಿ ಅಲ್ಲಿ ಸತ್ತರೆ, ಸಾವು ಆ ಬಡಾವಣೆಯ ಲೆಕ್ಕಕ್ಕೆ ಸೇರುತ್ತಿತ್ತು! ಹಾಗೆ ಮೊದಲ ಮಗುವನ್ನು ಕಳೆದುಕೊಂಡ ನನ್ನ ತಂಗಿ ಮತ್ತೆ ತುಂಬಿದ ಬಸುರಿಯಾಗಿದ್ದಳು.

ಅದನ್ನು ತೀರ್ಮಾನಿಸುವ ಸಭೆಯ ದಿನ ನಾವು ಪಾಲಿಕೆಯ ಮೆಟ್ಟಿಲ ಮೇಲೆ ಘೋಷಣೆ ಕೂಗುತ್ತಿದ್ದೆವು. ಮೇಡಂ ಹೊರಬಂದು ನನ್ನತ್ತ ತಿರುಗಿದರು.

“ಏನಪ್ಪಾ, ಗಂಟಲೆಲ್ಲ ಇಲ್ಲೇ ಖಾಲಿ ಮಾಡ್ತೀಯಾ? ಒಳಗೂ ಸ್ವಲ್ಪ ಬೇಕಾಗುತ್ತೆ. ತಂಗೀನೂ ಕರ್ಕೊಂಡು ಬಾ.”

ಒಳಗೆ ಮೇಜಿನ ಮೇಲೆ ಅವರು ಎರಡು ನಕ್ಷೆ ಹರಡಿದರು. ಒಂದರಲ್ಲಿ ಪ್ರತಿ ಸಾವೂ ಆಸ್ಪತ್ರೆಯಲ್ಲಿತ್ತು. ಇನ್ನೊಂದರಲ್ಲಿ ತಾಯಿಯ ಮನೆಯಲ್ಲಿ, ನಲ್ಲಿಯಿಲ್ಲದ, ಆಂಬುಲೆನ್ಸ್ ನುಗ್ಗದ ಓಣಿಗಳಲ್ಲಿ.

“ಮೇಡಂ, ಸತ್ತ ಜಾಗ ಬರೀಬೇಕು ಅಂತಲೇ ನಿಯಮ ಇರೋದು,” ಎಂದರು ಆಯುಕ್ತರು.

“ಬರೀರಿ ಸಾರ್. ತಾಯಿ ಎಲ್ಲಿಂದ ನೀರು ಹೊತ್ತಳು ಅನ್ನೋದನ್ನೂ ಪಕ್ಕದಲ್ಲೇ ಬರೀರಿ.”

ಆಗ ತಂಗಿ ಬಾಯಿಬಿಟ್ಟಳು: “ನನ್ನ ಕೂಸು ಗುಡ್ಡದ ಮೇಲೆ ಒಂದು ಗಳಿಗೆನೂ ಬಾಳಲಿಲ್ಲ ಸಾರ್. ಅಲ್ಲಿಯವನು ಅಂತ ಹೆಂಗೆ ಬರ್ಕೊಂಡ್ರಿ?”

ಆಯುಕ್ತರು ಎರಡನೆಯ ನಕ್ಷೆಯ ಓಣಿಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿ, ಸ್ಥಳಾಂತರವನ್ನು ಕೈಬಿಟ್ಟರು. ಹೊರಬಂದು ಮೆಟ್ಟಿಲ ಮೇಲೆ ಕುಳಿತ ನನಗೆ ಮೇಡಂ ಅವರಿಂದ ಸಿಕ್ಕಿದ್ದು ಬೈಗುಳ: “ಕೂತ್ಕೊಂಡ್ರೆ ಆಯ್ತಾ? ಹೋಗಿ ನರ್ಸಮ್ಮನ್ನ ಕರೆಸು, ಬಾಗಿಲು ತೆಗೆಸು.”

ತಂಗಿಯ ಮಗಳು ಆ ಕೇಂದ್ರದಲ್ಲೇ ಹುಟ್ಟಿದಳು. ಅವಳು ಅತ್ತ ಸದ್ದು ಓಣಿಗೆ ಕೇಳಿದಾಗ, ಹೊರಗೆ ಕಾದಿದ್ದ ನಮ್ಮಲ್ಲಿ ಯಾರಿಗೂ ಕೂಗುವ ಮನಸ್ಸಾಗಲಿಲ್ಲ. ಒಬ್ಬೊಬ್ಬರಾಗಿ ಬಾಗಿಲ ಬಳಿ ಸರಿದು ಕಿವಿಗೊಟ್ಟೆವು. ಈಗ ನಗರದ ಪ್ರತಿ ವಾರ್ಡಿನಲ್ಲೂ ತಾಯಿಯ ಓಣಿಯ ಲೆಕ್ಕವೇ ನಡೆಯುತ್ತಿದೆ.

ಮೇಡಂ ಅವರ ಆಯುಷ್ಯ ದೊಡ್ಡದಾಗಲಿ, ಕಾಲುಗಳು ಗಟ್ಟಿಯಾಗಿರಲಿ. ಈ ಹಾರೈಕೆಯಲ್ಲಿ ಸ್ವಾರ್ಥವೂ ಇದೆ. ರೈಲುಹಳಿಯಾಚೆಯ ಓಣಿಗಳವರು ನಿನ್ನೆಯೇ ಬಂದು ಕೇಳಿದರು: “ಅವರಿಗೆ ರಿಟೈರ್ ಆಯ್ತಂತಲ್ಲ, ನಮ್ಮ ಓಣಿ ನಕ್ಷೆ ಹಾಕೋಕೆ ಸೋಮವಾರ ಬರ್ತಾರಾ?”

ಬರುತ್ತಾರೆಂದು, ಅವರನ್ನು ಕೇಳದೆಯೇ, ನಾನು ಹೇಳಿಬಿಟ್ಟಿದ್ದೇನೆ.